ಹಿತ್ತಲ ಗೋಡೆಗೊಂದು ಬಾಗಿಲು

ಜಪಾನಿನ ಬಾಗಿಲು ತೆಗೆಸಿದ ಸುದ್ದಿ ನನಗೆ ಮುಟ್ಟಿದ್ದು ರೊಟ್ಟಿ ಬಡಿಯುತ್ತಿದ್ದಾಗ. ತಡವಾಗಿಯೇ ಮುಟ್ಟಿತು, ನಿಜ. ಆದರೆ ಅಷ್ಟು ವರ್ಷ ನಿಶ್ಚಿಂತೆಯಿಂದ ನಿದ್ದೆ ಮಾಡಿದೆನಲ್ಲ, ಅದೂ ದೇವರ ದಯೆ. ಇತಿಹಾಸದ ಎಂ.ಎ. ಪರೀಕ್ಷೆಗೆ ಓದುತ್ತಿದ್ದ ಮಗಳು ಪಲ್ಲವಿ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಹೇಳುತ್ತಿದ್ದಳು. ನೂರೈವತ್ತು ವರ್ಷಗಳ ಹಿಂದೆಯೇ ಅಮೆರಿಕದವರು ಕಪ್ಪು ಹೊಗೆ ಉಗುಳುವ ಹಡಗುಗಳಲ್ಲಿ ಬಂದು ಸ್ನೇಹದ ಪತ್ರ ಕೊಟ್ಟರಂತೆ. ನಿಮ್ಮ ಬಂದರು ನಮಗೂ ತೆರೆಯಿರಿ, ಅವಸರವಿಲ್ಲ, ಉತ್ತರಕ್ಕೆ ಮತ್ತೆ ಬರುತ್ತೇವೆ ಎಂದು ಹೋದರಂತೆ. ಮರಳಿ ಬಂದಾಗ ಹಡಗುಗಳು ಹೆಚ್ಚಾಗಿದ್ದವು. ಜೊತೆಗೆ ಆಟಿಕೆಯಂಥ ಪುಟ್ಟ ರೈಲೊಂದು ಉಡುಗೊರೆ. "ಯಾರ ಮ್ಯಾಲೂ ಗುಂಡು ಹಾರಿಸ್ಲಿಲ್ಲವ್ವ!" ಎಂದಳು. ನನ್ನ ಕೈ ರೊಟ್ಟಿಯ ಮೇಲೇ ನಿಂತಿತು. ಈ ಮಾತನ್ನು ನಾನು ನಿನ್ನೆಯಷ್ಟೇ ಚಿತ್ತವಾಡ್ಗಿಯ ನಮ್ಮ ಹಿತ್ತಲಲ್ಲಿ ಕೇಳಿದ್ದೆ.

ನಮ್ಮ ಹಿತ್ತಲಿಗೆ ಅಂಟಿದ ಹಿಂದಿನ ಮನೆ ಕೊಂಡವರಿಗೆ ಯಶವಂತನಗರದ ಕಡೆ ಅದಿರು ಲಾರಿಗಳಿವೆ. ಆ ಮನೆಯ ನಾಗವೇಣಿ ಡಬ್ಬಿ ತುಂಬ ಬೇಸನ್ ಉಂಡಿ ತಂದುಕೊಟ್ಟು ನಕ್ಕಳು. "ಅಕ್ಕಾರ, ನಡುವಿನ ಗೋಡಿಗೆ ಒಂದು ಬಾಗಿಲಾ ಇಡ್ತೀವಿ. ನಮ್ಮ ಡ್ರೈವರ್‌ಗಳು ನಿಮ್ಮ ಹಿತ್ತಲದಾಗ ಹಾದು ಓಣಿಗೆ ಹೋಗ್ತಾರ, ಅಷ್ಟ. ಅವಸರಿಲ್ರಿ. ಅಮಾಸಿ ಆದಮ್ಯಾಲ ಬರ್ತೀನಿ." ಬಾಗಿಲು ಬರುವ ಜಾಗದಲ್ಲೇ ಅತ್ತೆಯವರು ಕಂಪ್ಲಿಯಿಂದ ತಂದು ನೆಟ್ಟ ತುಳಸಿಯ ಕಟ್ಟೆ. ಹೇಳಬೇಕೆಂದು ಬಾಯಿ ತೆರೆದೆ. ಓಣಿಯಲ್ಲಿ ಲಾರಿಗಳು ಇಂಜಿನ್ ಬಂದ್ ಮಾಡದೆ ನಿಂತಿದ್ದವು. ಒಳಗೆ ತಟ್ಟೆಗಳು ಮೆಲ್ಲಗೆ ಗಿಣಿಗಿಣಿ ಅನ್ನುತ್ತಿದ್ದವು. ಅವಳು ಲಾರಿಗಳ ಕಡೆ ತಿರುಗಿಯೂ ನೋಡಲಿಲ್ಲ. ತೆರೆದ ಬಾಯಿಗೆ ನಾನು ಒಂದು ಉಂಡಿ ಇಟ್ಟುಕೊಂಡೆ.

ಯಜಮಾನರು "ಅಕ್ಕಪಕ್ಕದವರು, ನೋಡಿ ಮಾಡು" ಎಂದು ಸ್ನಾನಕ್ಕೆ ಹೋದವರು ಊಟದ ಹೊತ್ತಾದರೂ ಹೊರಗೆ ಬರಲಿಲ್ಲ. ಪಲ್ಲವಿಗೆ ಎಲ್ಲವೂ ಸುಲಭ. "ಖಾಲಿ ಡಬ್ಬಿ ವಾಪಸ್ ಕೊಡು, ಒಲ್ಲೆ ಅಂದಂಗಾತು."

"ಡಬ್ಬಿ ಖಾಲಿ ಯಾರರ ಕೊಡ್ತಾರೇನ, ಹುಚ್ಚಿ?" ಉಂಡಿ ತಿಂದಾಗಿತ್ತು. ಭಾಳ ಚಲೋ ಇದ್ದವು, ಸುಳ್ಳು ಯಾಕೆ ಹೇಳಲಿ?

ಅಮಾವಾಸ್ಯೆ ಕಳೆದ ಮಧ್ಯಾಹ್ನ ಲಾರಿಗಳು ಬಂದವು. ಈ ಸಲ ಸಾಲು ಓಣಿಯ ತಿರುವಿನಾಚೆಗೂ ಇತ್ತು. ಒಂದೊಂದಾಗಿ ಇಂಜಿನ್‌ಗಳು ಆರಿದವು. ಕೆಂಪು ಧೂಳು ತುಳಸಿಯ ಮೇಲೆ ಕೂರುವುದೂ ಕೇಳಿಸುವಂಥ ಮೌನ. ಆದರೂ ತಟ್ಟೆಗಳು ಗಿಣಿಗಿಣಿ ಅನ್ನುತ್ತಲೇ ಇದ್ದವು. ನೋಡಿದರೆ, ತಟ್ಟೆಯ ಸ್ಟ್ಯಾಂಡು ಹಿಡಿದಿದ್ದು ನನ್ನದೇ ಕೈ.

ನಾಗವೇಣಿ ಅದೇ ನಗು ಹೊತ್ತು ಬಂದಳು. ಅವಲಕ್ಕಿ ತುಂಬಿದ ಡಬ್ಬಿ ಕೊಟ್ಟು "ತುಳಸಿ..." ಎಂದೆ. "ಆ ಕಡೆ ಸರಿಸಿದ್ರ ಆತಲ್ರಿ ಅಕ್ಕಾರ" ಎಂದು ಮೊದಲಿನದಕ್ಕಿಂತ ದೊಡ್ಡ ಡಬ್ಬಿ ನನ್ನ ಕೈಗಿಟ್ಟಳು. ಯಾರೋ "ಹೂಂ" ಅಂದರು. ಹಿತ್ತಲಲ್ಲಿ ಇದ್ದದ್ದು ನಾವಿಬ್ಬರೇ.

ಆ ಕಡೆ ಎಂದರೆ ಪಕ್ಕದ ಬಸವ್ವನ ಜಾಗ. ಒಂಟಿ ಹೆಂಗಸು, ಅಲ್ಲಿ ನಾಲ್ಕು ಬದನೆ ಗಿಡ ಹಾಕಿದ್ದಾಳೆ. ದೇವರ ಕೆಲಸಕ್ಕೆ ಇಲ್ಲವೆನ್ನಲಾರಳು ಎಂದು ಹೊಸ ಡಬ್ಬಿಯನ್ನೇ ಹಿಡಿದು ಹೋದೆ. ಕಟ್ಟೆಯ ಮಾತು ಹೇಳಿ ನಕ್ಕೆ. "ಅವಸರಿಲ್ಲ ಬಸವ್ವ. ಹುಣ್ಣಿಮಿ ಆದಮ್ಯಾಲ ಬರ್ತೀನಿ." ಬಾಯಿ ನನ್ನದು, ದನಿ ನಾಗವೇಣಿಯದು. ಬಸವ್ವ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹೆಗಲಾಚೆ ನಿಂತಿದ್ದ ಲಾರಿಗಳನ್ನು ನೋಡುತ್ತಿದ್ದಳು. ಅವಳ ಮನೆಯೊಳಗೆ ಏನೋ ಗಿಣಿಗಿಣಿ ಅಂದಿತು. "ಆಗ್ಲಿರಿ ಅಕ್ಕಾರ" ಎಂದು ಎರಡೂ ಕೈಯಿಂದ ಡಬ್ಬಿ ಇಸಕೊಂಡಳು.

ಮನೆಗೆ ಬಂದರೆ, ಇಷ್ಟು ದಿನವಾದರೂ ಅದೇ ಪಾಠದಲ್ಲಿದ್ದ ಪಲ್ಲವಿ ಅಂತೂ ಪುಟ ತಿರುವಿದ್ದಳು. "ಅವ್ವ, ಆಮ್ಯಾಲ ಜಪಾನಿನವರು ತಾವೇ ಹಡಗು ತಗೊಂಡು ಕೊರಿಯಾದ ಬಾಗಿಲಿಗೆ ಹೋದ್ರಂತ..."

"ಮನಸಿನ್ಯಾಗ ಓದ್ಕೋ" ಎಂದು ಗದರಿ, ರೊಟ್ಟಿ ಹಿಟ್ಟಿಗೆ ಎಸರಿಟ್ಟೆ.