ಹಳೇ ವಿಳಾಸದಲ್ಲಿ ಕೂತ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಹತ್ತಿರ ಯಾರೂ ದಾರಿ ಕೇಳಬಾರದು. ಕೇಳಿದಿರೋ, ಕೆಟ್ಟಿರಿ. ಎಲ್ಲರ ಹಾಗೆ "ಹೀಗೆ ಹೋಗಿ, ಹಾಗೆ ತಿರುಗಿ" ಎಂದು ಕೈ ತೋರಿಸಿ ಬಿಡುವ ಪೈಕಿ ಅವರಲ್ಲ. ನಿಮ್ಮ ಚೀಲವನ್ನು ತಾವೇ ಕಿತ್ತುಕೊಂಡು, ನಿಮ್ಮನ್ನು ಹಿಂದೆ ಹಾಕಿಕೊಂಡು ಹೊರಟು, ನೀವು ಹುಡುಕುತ್ತಿದ್ದ ಮನೆಯ ಬಾಗಿಲು ಬಡಿದು, ಒಳಗಿನವರು ಹೊರಗೆ ಬಂದು "ಓ, ನೀವಾ, ಬನ್ನಿ" ಎನ್ನುವುದನ್ನು ಕಿವಿಯಾರೆ ಕೇಳಿದ ಮೇಲೆಯೇ ಅವರಿಗೆ ಸಮಾಧಾನ. ಒಮ್ಮೆ ಶಿವಮೊಗ್ಗದಲ್ಲಿ ನಾನೂ ಅವರೂ ಒಂದು ಮದುವೆಯ ಊಟಕ್ಕೆ ಹೊರಟಿದ್ದೆವು. ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಮುದುಕರು ಹೊಸಮನೆ ಬಡಾವಣೆ ಎಲ್ಲಿ ಎಂದರು. ನಾನು ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡೆ. ಚಿಕ್ಕಪ್ಪ ತಿರುಗಿಸಿಕೊಳ್ಳಲಿಲ್ಲ. ನಾವು ಛತ್ರ ಮುಟ್ಟುವ ಹೊತ್ತಿಗೆ ಎಲೆ ಎತ್ತಿ, ನೆಲ ತೊಳೆದು, ಪಾತ್ರೆಗಳನ್ನು ಲಾರಿಗೆ ತುಂಬುತ್ತಿದ್ದರು.

"ಊಟ ಎಲ್ಲಾದ್ರೂ ಸಿಗುತ್ತೆ ಮಾರಾಯ. ಆ ಮನುಷ್ಯ ಬಿಸಿಲಲ್ಲಿ ಬೀದಿ ಬೀದಿ ಅಲೀಬೇಕಿತ್ತಲ್ಲ," ಎಂದರು. ಎಲ್ಲಾದರೂ ಸಿಕ್ಕ ಆ ಊಟ ಹೋಟೆಲಿನ ತಣ್ಣಗಿನ ಚಿತ್ರಾನ್ನವಾಗಿತ್ತು.

ತಪ್ಪು ಪೂರ್ತಿ ಅವರದಲ್ಲ, ಉದ್ಯೋಗದ್ದೂ ಇದೆ. ಚಿಕ್ಕಪ್ಪ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಹೊರಗಿನಿಂದ ಯಾರೋ ಫೋನ್ ಮಾಡಿ ಇಂಥವರು ಬೇಕು ಎಂದರೆ, ಆ ಇಂಥವರನ್ನು ಮೂರು ಡಿಪಾರ್ಟ್‌ಮೆಂಟು, ಎರಡು ಕ್ಯಾಂಟೀನು ಜಾಲಾಡಿಯಾದರೂ ಹಿಡಿದು ಲೈನಿಗೆ ತರುತ್ತಿದ್ದರು. "ರಾಂಗ್ ನಂಬರ್" ಎಂದು ಫೋನ್ ಇಟ್ಟಿದ್ದೇ ಇಲ್ಲವಂತೆ. ಆಮೇಲೆ ಕಾರ್ಖಾನೆ ವರ್ಷ ವರ್ಷ ಸೊರಗುತ್ತಾ ಬಂತು. ಜನ ಸ್ವಯಂನಿವೃತ್ತಿ ತಗೊಂಡು ಊರು ಬಿಟ್ಟರು, ಕ್ವಾರ್ಟರ್ಸುಗಳಿಗೆ ಬೀಗ ಬಿತ್ತು. ಇಡೀ ದಿನ ಕೂತರೂ ಫೋನು ಬಾರದ ಕಾಲ ಬಂತು. ಅಷ್ಟು ಮಾತಿನ ಮನುಷ್ಯ ಸುಮ್ಮನೆ ಫೋನಿನ ಬೋರ್ಡು ನೋಡುತ್ತಾ ಕೂತಿರುವುದನ್ನು ನಾನೇ ಒಂದು ಸಲ ಕಂಡಿದ್ದೇನೆ. ನೋಡಲು ಕಷ್ಟವಾಗಿತ್ತು.

ಅವರ ಇನ್ನೊಂದು ಹುಚ್ಚು ರಕ್ತದ್ದು. ಯಾರನ್ನೇ ಪರಿಚಯಿಸಿದರೂ ಹೆಸರು ಕೇಳುವ ಮೊದಲು ರಕ್ತದ ಗುಂಪು ಕೇಳಿ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಯಾರಿಗೆ ರಕ್ತ ಬೇಕಾದರೂ ಪುಸ್ತಕ ತೆಗೆದು ಹೊಂದುವವರನ್ನು ಹುಡುಕಿ ಆಸ್ಪತ್ರೆಗೆ ಕರೆದೊಯ್ಯುವುದು ಅವರ ಸೇವೆ. ನಮ್ಮ ಅಕ್ಕನನ್ನು ನೋಡಲು ಗಂಡಿನವರು ಬಂದಾಗ, ಹುಡುಗನ ಕೆಲಸವೇನು, ಜಮೀನೆಷ್ಟು ಎಂದು ಅಪ್ಪ ವಿಚಾರಿಸುತ್ತಿದ್ದರೆ ಚಿಕ್ಕಪ್ಪ ನಡುವೆ ಬಾಯಿ ಹಾಕಿ ಅದನ್ನೇ ಕೇಳಿದರು. ಹುಡುಗ ಗಾಬರಿಯಿಂದ ಓ ನೆಗೆಟಿವ್ ಎಂದ. ಚಿಕ್ಕಪ್ಪ ಅಪ್ಪನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, "ಅಣ್ಣ, ಯೋಚನೆ ಮಾಡ್ಬೇಡ. ಇಂಥ ಹುಡುಗನ್ನ ಬಿಟ್ರೆ ಮತ್ತೆ ಸಿಗಲ್ಲ," ಎಂದರು. ಮದುವೆಯಾಯಿತು. ಭಾವನನ್ನು ಮೊದಲು ಆಸ್ಪತ್ರೆಗೆ ಕರೆದೊಯ್ದರೋ ದೇವಸ್ಥಾನಕ್ಕೆ ಕರೆದೊಯ್ದರೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ.

ಈ ರಕ್ತದ ಪುಸ್ತಕಕ್ಕೆ ಫೋನ್ ನಂಬರ್ ಒಂದೇ. ದಾನಿಗಳ ನಂಬರನ್ನು ಎಲ್ಲರಿಗೂ ಕೊಟ್ಟರೆ ಅವರಿಗೆ ಕಿರಿಕಿರಿಯಾಗುತ್ತದೆಂದು, ಯಾರಿಗೆ ರಕ್ತ ಬೇಕಾದರೂ ಮೊದಲು ತಮಗೇ ಫೋನ್ ಮಾಡಬೇಕೆಂಬುದು ಚಿಕ್ಕಪ್ಪನ ನಿಯಮ. ಆದರೆ ಇಡೀ ದಿನ ಫೋನಿನಲ್ಲೇ ಇರುವ ಮನುಷ್ಯನ ಮನೆಯಲ್ಲಿ ಫೋನಿರಲಿಲ್ಲ! ಕ್ವಾರ್ಟರ್ಸಿನ ಪಕ್ಕ ಒಬ್ಬ ತಮಿಳು ಹೆಂಗಸಿನ ದಿನಸಿ ಅಂಗಡಿಯಿತ್ತು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಆ ಅಂಗಡಿಯ ಫೋನೇ ಚಿಕ್ಕಪ್ಪನ ಪಿ.ಪಿ. ನಂಬರ್. ಫೋನ್ ಬಂದರೆ ಅಕ್ಕ ಕಿಟಕಿಯಿಂದ ಕೂಗುತ್ತಿದ್ದರು, ಚಿಕ್ಕಪ್ಪ ಓಡುತ್ತಿದ್ದರು.

ನಾನು ಶಿವಮೊಗ್ಗದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೆ. ಲಗ್ನಪತ್ರಿಕೆ ಮಾಡುತ್ತಾ ಮಾಡುತ್ತಾ ವೆಬ್‌ಸೈಟ್ ಮಾಡುವುದನ್ನೂ ಕಲಿತೆ. ಕಲಿತ ವಿದ್ಯೆಯನ್ನು ಯಾರ ಮೇಲೆ ಪ್ರಯೋಗಿಸುವುದು? ಚಿಕ್ಕಪ್ಪನ ರಕ್ತದ ಪಟ್ಟಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಯಾವ ಗುಂಪಿನ ದಾನಿಗಳು ಎಷ್ಟು ಜನರಿದ್ದಾರೆ ಎಂಬ ವಿವರ, ಕೆಳಗೆ ಕೆಂಪು ಅಕ್ಷರದಲ್ಲಿ ಅಕ್ಕನ ಅಂಗಡಿಯ ವಿಳಾಸ, ಫೋನ್ ನಂಬರ್. ಚಿಕ್ಕಪ್ಪ ವೆಬ್‌ಸೈಟಿನ ವಿಳಾಸವನ್ನೂ ಆ ನಂಬರನ್ನೂ ಚೀಟಿಯಲ್ಲಿ ಅಚ್ಚು ಹಾಕಿಸಿ ಎರಡೂ ಊರಿನ ಆಸ್ಪತ್ರೆ ಗೋಡೆಗಳಿಗೆ ಅಂಟಿಸಿದರು.

ಮುಂದೆ ಚಿಕ್ಕಪ್ಪನೂ ಸ್ವಯಂನಿವೃತ್ತಿ ತಗೊಂಡು ಶಿವಮೊಗ್ಗದ ಹೊಸಮನೆಯಲ್ಲಿ ಬಾಡಿಗೆ ಮನೆ ಹಿಡಿದರು. ಸ್ವಂತ ಫೋನು ಬಂತು. ಅಕ್ಕನ ಅಂಗಡಿಯ ಗೋಡೆಯ ಕ್ಯಾಲೆಂಡರಿನ ಮೇಲೆ ಹೊಸ ನಂಬರನ್ನು ದೊಡ್ಡದಾಗಿ ಬರೆದು ಬಂದರು. ನಾನು ಅದೇ ಹೊತ್ತಿಗೆ ವೆಬ್‌ಸೈಟನ್ನು ಬೇರೆ ಕಂಪನಿಯ ಕಂಪ್ಯೂಟರಿಗೆ ಸಾಗಿಸಿ, ಹೊಸ ನಂಬರ್ ಹಾಕಿ, ಕೈ ತೊಳೆದುಕೊಂಡೆ.

ಒಂದು ಮಧ್ಯಾಹ್ನ ಚಿಕ್ಕಪ್ಪ ನನ್ನ ಅಂಗಡಿಗೆ ಬಂದು ಒಂದೇ ಬೆರಳಿನಲ್ಲಿ ವಿಳಾಸ ಟೈಪ್ ಮಾಡಿದರು. ಮೊದಲಿನ ಮೂರು ಡಬ್ಲ್ಯು ಹೊಡೆಯಲು ಬೇಜಾರಾಗಿ ಬಿಟ್ಟುಬಿಟ್ಟರು. ತೆರೆದುಕೊಂಡದ್ದು ಹಳೇ ಪುಟ, ಹಳೇ ನಂಬರು.

"ಇದೇನೋ ಇದು, ಎರಡಿದೆ?"

"ಡಬ್ಲ್ಯು ಹಾಕಿದ್ರೆ ಹೊಸದಕ್ಕೆ ಹೋಗುತ್ತೆ ಚಿಕ್ಕಪ್ಪ. ಹಾಕದಿದ್ರೆ ಹಳೇ ಕಂಪ್ಯೂಟರಿಗೆ ಹೋಗುತ್ತೆ. ನಮಗೆ ಎರಡೂ ಒಂದೇ ವಿಳಾಸ. ಸರ್ಚ್ ಇಂಜಿನ್ನಿಗೆ ಮಾತ್ರ ಇವು ಎರಡು ಬೇರೆ ಬೇರೆ ಮನೆ."

"ಯಾರಾದ್ರೂ ಹುಡುಕಿದ್ರೆ ಯಾವ ಮನೆ ತೋರಿಸುತ್ತೆ?"

"ಹಳೇದನ್ನೇ ಮೊದಲು ತೋರಿಸಬಹುದು. ಅದು ಅದಕ್ಕೆ ಜಾಸ್ತಿ ದಿನದ ಪರಿಚಯ."

ಚಿಕ್ಕಪ್ಪನ ಮುಖ ಬಾಡಿತು. ಹಳೇದನ್ನು ಅಳಿಸಿಬಿಡುತ್ತೇನೆ ಎಂದರೆ ಅದಕ್ಕೂ ಒಪ್ಪಲಿಲ್ಲ. "ಬೀಗ ಹಾಕ್ಬೇಡ. ಚೀಟಿ ನೋಡ್ಕೊಂಡು ಬಂದೋರು ಬೀಗ ನೋಡಿ ವಾಪಸ್ ಹೋಗ್ತಾರೆ. ಬಾಗಿಲಲ್ಲಿ ನಿಂತು ಹೊಸ ಮನೆಗೆ ಕರ್ಕೊಂಡು ಬರೋ ಹಾಗೆ ಏನಾದ್ರೂ ಇದ್ಯಾ?"

ಇತ್ತು. ಅದಕ್ಕೆ ರಿಡೈರೆಕ್ಟ್ ಎನ್ನುತ್ತಾರೆ. ಹಳೇ ವಿಳಾಸಕ್ಕೆ ಬಂದವರನ್ನು ಕೇಳದೆಯೇ ಹೊಸ ವಿಳಾಸಕ್ಕೆ ಕಳಿಸಿ, ಇವರು ಕಾಯಂ ಆಗಿ ಅಲ್ಲಿಗೆ ಹೋಗಿದ್ದಾರೆ ಎಂದು ಸರ್ಚ್ ಇಂಜಿನ್ನಿಗೂ ತಿಳಿಸುವ ವ್ಯವಸ್ಥೆ. ಬರೆಯಬೇಕಾದದ್ದು ನಾಲ್ಕು ಸಾಲು, ಹೆಚ್ಚೆಂದರೆ ಕಾಲು ಗಂಟೆಯ ಕೆಲಸ. "ನಾಳೆ ಮಾಡ್ತೀನಿ ಚಿಕ್ಕಪ್ಪ," ಎಂದೆ. ಮದುವೆಯ ಸೀಸನ್ನು, ಲಗ್ನಪತ್ರಿಕೆಗಳ ರಾಶಿ. ವಾರಕ್ಕೊಮ್ಮೆ ಅವರು ಕೇಳುತ್ತಿದ್ದರು, ನಾನು ಪ್ರತಿ ವಾರವೂ ನಾಳೆ ಎನ್ನುತ್ತಿದ್ದೆ. ಹೊಸ ವರ್ಷ ಬಂತು, ಯುಗಾದಿಯೂ ಕಳೆಯಿತು. ಆಮೇಲೆ ಒಂದು ದಿನದಿಂದ ಅವರು ಕೇಳುವುದನ್ನೇ ನಿಲ್ಲಿಸಿದರು. ನನಗೆ ಹಾಯೆನಿಸಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಅದೇ ದಿನಗಳಲ್ಲಿ ಚಿಕ್ಕಮ್ಮ ಅಳುಮುಖ ಮಾಡಿಕೊಂಡು ನಮ್ಮ ಮನೆಗೆ ಬಂದರು. ಚಿಕ್ಕಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಊಟದ ಡಬ್ಬಿ ಹಿಡಿದು ಭದ್ರಾವತಿ ಬಸ್ಸು ಹತ್ತುತ್ತಿದ್ದಾರಂತೆ. ಸಂಜೆ ಬರುತ್ತಾರಂತೆ. ಕೇಳಿದರೆ ಕೆಲಸ ಇದೆ ಎನ್ನುತ್ತಾರಂತೆ.

"ರಿಟೈರಾದೋರಿಗೆ ಅಲ್ಲಿ ಏನಪ್ಪ ಕೆಲಸ? ಆ ಅಂಗಡಿಯೋಳ ಹತ್ರ ಕೂತಿರ್ತಾರೆ ಅಂತ ನೋಡಿದೋರು ಹೇಳಿದ್ರು. ಈ ವಯಸ್ಸಲ್ಲಿ ನಂಗಿದು ಬೇಕಿತ್ತಾ?"

ನನಗೆ ನಗು ತಡೆಯಲಾಗಲಿಲ್ಲ. ಅಕ್ಕನಿಗೆ ಅರವತ್ತು ದಾಟಿತ್ತು, ಚಿಕ್ಕಪ್ಪನನ್ನೇ ಗದರುವ ಹೆಂಗಸು. ಆ ಸಂಜೆ ಚಿಕ್ಕಪ್ಪನನ್ನು ಹಿಡಿದು ಕೇಳಿದೆ. ಸಂಕೋಚದಿಂದ ಬಾಯಿ ಬಿಟ್ಟರು. ಹಳೇ ನಂಬರಿಗೆ ಯಾರಾದರೂ ಫೋನ್ ಮಾಡಿಬಿಟ್ಟರೆ ಎಂದು ಅಂಗಡಿಯಲ್ಲಿ ಫೋನಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರಂತೆ! ಒಂದು ವೆಬ್‌ಸೈಟಿನ ನಾಲ್ಕು ಸಾಲಿನ ಬದಲಿಗೆ ಒಬ್ಬ ಇಡೀ ಮನುಷ್ಯ, ಡಬ್ಬಿ ಸಮೇತ. ಈ ಕಥೆಯನ್ನು ನಾನು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸಿದೆ. ಲೋಕದಲ್ಲಿ ದಿನಾ ಬಸ್ ಚಾರ್ಜು ಕೊಟ್ಟು ಓಡಾಡುವ ರಿಡೈರೆಕ್ಟ್ ಇದೊಂದೇ ಎಂದೆ.

ಚಿಕ್ಕಮ್ಮನ ಕಣ್ಣೀರಿಗಾದರೂ ಮಣಿಯಬೇಕಲ್ಲ. ಆ ರಾತ್ರಿಯೇ ಕೂತು ನಾಲ್ಕು ಸಾಲು ಬರೆದೆ. ನಿಜಕ್ಕೂ ಕಾಲು ಗಂಟೆಯಷ್ಟೇ ಹಿಡಿಯಿತು. ಮರುದಿನ ಚಿಕ್ಕಪ್ಪನನ್ನು ಕರೆದು ತೋರಿಸಿದೆ. ಡಬ್ಲ್ಯು ಇಲ್ಲದೆ ಟೈಪ್ ಮಾಡಿದರು. ಪುಟ ತಾನಾಗಿ ಹೊಸ ವಿಳಾಸಕ್ಕೆ ಜಿಗಿಯಿತು. ಮತ್ತೆ ಮಾಡಿದರು, ಮತ್ತೆ ಜಿಗಿಯಿತು. ಏಳೆಂಟು ಸಲ ಮಾಡಿ ನೋಡಿದರು. ಮುಖದಲ್ಲಿ ನಗುವೇ ಇರಲಿಲ್ಲ. "ಒಳ್ಳೇದಾಯ್ತು," ಎಂದು ಎದ್ದು ಹೋದರು.

ಹೋದದ್ದು ಎಲ್ಲಿಗೆ? ಭದ್ರಾವತಿಗೆ!

ವಾರ ಕಳೆದರೂ ಅದೇ ಡಬ್ಬಿ, ಅದೇ ಬಸ್ಸು. ನನಗೆ ಸಿಟ್ಟು ಬಂತು. ಮಾಡಿಕೊಟ್ಟ ಕೆಲಸಕ್ಕೆ ಬೆಲೆಯೇ ಇಲ್ಲವೇ? ಅವತ್ತೇ ಅಂಗಡಿಗೆ ಬಾಗಿಲು ಹಾಕಿ, ಅವರನ್ನು ಎಳೆದುಕೊಂಡೇ ಬರುವುದೆಂದು ಹೊರಟೆ. ಅಕ್ಕನ ಅಂಗಡಿಯಲ್ಲಿ ಸ್ಟೂಲ್ ಖಾಲಿಯಿತ್ತು.

"ಗೋಡೆ ಕೆರೆಯೋಕೆ ಹೋಗಿದಾರೆ ತಂಬಿ," ಎಂದರು ಅಕ್ಕ. "ಹಳೇ ಚೀಟಿ ಎಲ್ಲೆಲ್ಲಿ ಅಂಟಿಸಿದಾರೋ ಅಲ್ಲೆಲ್ಲ ಹೋಗಿ ಉಗುರಲ್ಲಿ ಕೀಳ್ತಾರೆ. ಕಾಗದಕ್ಕೆ ಆ ನಿನ್ ಕಂಪ್ಯೂಟರ್ ಕೆಲಸ ನಡಿಯಲ್ಲ ಅಂತಾರೆ. ಕೂತ್ಕೋ."

"ಅಕ್ಕ, ನೀವಾದ್ರೂ ಬುದ್ಧಿ ಹೇಳಬಾರದಾ? ಊರವರೆಲ್ಲ ನಗ್ತಿದಾರೆ."

ಅಕ್ಕ ಬೇಳೆ ತೂಗುತ್ತಿದ್ದವರು ಕೈ ನಿಲ್ಲಿಸಿದರು. "ನಿಂಗೆ ಹೇಳ್ಬೇಡ ಅಂತ ನನ್ ಹತ್ರ ಆಣೆ ಹಾಕಿಸ್ಕೊಂಡಿದಾರೆ," ಎಂದರು. ಆಮೇಲೆ ತಡೆಯಲಾಗದೆ ಹೇಳಿಯೇಬಿಟ್ಟರು.

ಯುಗಾದಿಯಾದ ಮೇಲೆ ಒಂದು ಮಧ್ಯಾಹ್ನ ಶಿವಮೊಗ್ಗದ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಕುಂಸಿ ಕಡೆಯ ಒಬ್ಬರು, ಮಗಳಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ, ಅವಳದು ಸುಲಭಕ್ಕೆ ಸಿಗದ ಗುಂಪು. ಜೊತೆಗಿದ್ದವರು ಸೈಬರ್ ಸೆಂಟರಿನಲ್ಲಿ ಹುಡುಕಿ ನಂಬರ್ ತೆಗೆದುಕೊಟ್ಟಿದ್ದರು. ಆ ರಕ್ತದ ಪುಸ್ತಕದವರು ಮನೆ ಬದಲಾಯಿಸಿ ಶಿವಮೊಗ್ಗಕ್ಕೆ ಹೋಗಿದ್ದಾರೆ, ಒಂದು ನಿಮಿಷ ಇರಿ ನಂಬರ್ ಕೊಡುತ್ತೇನೆ ಎಂದು ಅಕ್ಕ ಗೋಡೆ ನೋಡಿದರು. ಗೋಡೆಯಲ್ಲಿ ಹೊಸ ವರ್ಷದ ಕ್ಯಾಲೆಂಡರಿತ್ತು. ಹಳೇ ಕ್ಯಾಲೆಂಡರ್ ಜನವರಿಯಲ್ಲೇ ಬೆಲ್ಲ ಕಟ್ಟಿಕೊಡಲು ಹೋಗಿತ್ತು. ಇಡೀ ಅಂಗಡಿ ಹುಡುಕಿ ಅಕ್ಕ ವಾಪಸ್ ಬರುವಷ್ಟರಲ್ಲಿ ಲೈನು ಕಡಿದುಹೋಗಿತ್ತು.

ಹದಿನೈದು ದಿನ ಬಿಟ್ಟು, ಮಗಳ ತಿಥಿ ಮುಗಿಸಿಕೊಂಡು, ಆ ತಂದೆ ಅಂಗಡಿ ಹುಡುಕಿಕೊಂಡು ಬಂದರಂತೆ. ಕೈಯಲ್ಲಿ ಸೈಬರ್ ಸೆಂಟರಿನ ಪ್ರಿಂಟು. ಜಗಳವಾಡಲಿಲ್ಲವಂತೆ. ಅಕ್ಕ ಚಿಕ್ಕಪ್ಪನಿಗೆ ಹೇಳಿಕಳಿಸಿದರು. ಚಿಕ್ಕಪ್ಪ ಬಂದರು. ಈ ನಂಬರ್ ಹಾಕಿದ್ದು ಯಾರು ಎಂದು ಆ ತಂದೆ ಕೇಳಿದಾಗ, "ನಾನೇ ಹಾಕಿದ್ದು. ಬದಲಾಯಿಸ್ಬೇಕಿತ್ತು, ಬದಲಾಯಿಸ್ಲಿಲ್ಲ. ತಪ್ಪು ನಂದೇ," ಎಂದರಂತೆ.

"ಮಾರನೇ ದಿನದಿಂದ ಆ ಸ್ಟೂಲ್ ಮೇಲೆ," ಎಂದರು ಅಕ್ಕ. ಬೇಳೆಯ ತಕ್ಕಡಿ ಅವರ ಕೈಯಲ್ಲಿ ಹಾಗೇ ಇತ್ತು.

ನಾನು ಎದ್ದು ಅಂಗಡಿಯ ಹೊರಗೆ ನಿಂತೆ. ನನ್ನ ಗಿರಾಕಿಗಳನ್ನು ನಗಿಸಿದ್ದು ನೆನಪಾಯಿತು. ಚಿಕ್ಕಪ್ಪ ರಸ್ತೆಯ ಆ ಬದಿಯಿಂದ ಬಂದರು. ಉಗುರಿನ ಸಂದಿಯಲ್ಲೆಲ್ಲ ಅಂಟು, ಕಾಗದದ ಚೂರು. ನನ್ನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. ಕೈ ತೊಳೆದುಕೊಂಡು, "ನಡಿ, ಇವತ್ತು ಬೇಗ ಹೋಗೋಣ," ಎಂದರು.

ಬಸ್ಸಿನಲ್ಲಿ ಅವರು ಉಗುರಿನಲ್ಲಿ ಉಳಿದಿದ್ದ ಅಂಟು ಕೆರೆಯುತ್ತಾ ಕೂತರು. ಕೊನೆಗೆ ನಾನು, "ಕಾಲು ಗಂಟೆ ಕೆಲಸ ಚಿಕ್ಕಪ್ಪ," ಎಂದೆ.

"ರಕ್ತ ಸಿಕ್ಕಿದ್ರೂ ಉಳೀತಿದ್ಲೋ ಇಲ್ವೋ, ಯಾರು ಕಂಡಿದಾರೆ," ಎಂದರು. ನನ್ನ ಮಂಡಿಯ ಮೇಲೆ ಕೈಯಿಟ್ಟರು. ಆಮೇಲೆ ಬೇರೆ ಏನೋ ಕೇಳುವವರ ಹಾಗೆ, "ಅಲ್ಲ, ಆ ನಾಲ್ಕು ಸಾಲು ಬರೆದ ಮೇಲೆ ಆ ಸರ್ಚ್ ಇಂಜಿನ್ನು ಹಳೇ ವಿಳಾಸನ ಮರೆಯುತ್ತಾ?" ಎಂದರು.

"ಮರೆಯುತ್ತೆ."

"ಎಷ್ಟು ದಿನ ಬೇಕು?"

"ಒಂದೆರಡು ತಿಂಗಳು ಬೇಕಾಗಬಹುದು."

ಚಿಕ್ಕಪ್ಪ ಕಿಟಕಿಯ ಕಡೆ ತಿರುಗಿದರು. "ನಿಂಗೆ ಅದಕ್ಕಿಂತ ಜಾಸ್ತಿ ಬೇಕಾಗುತ್ತೆ ಮಾರಾಯ. ಅದಕ್ಕೇ ಹೇಳಿರ್ಲಿಲ್ಲ," ಎಂದರು.