ಶಾಂಭವಿಯ ಲಿಂಕಿಗೆ ಬಾಲ ಮೂಡಿದ್ದು

"ಇದರ ಹೆಸರು ಬಾಲಬ್ರಹ್ಮ!" ಎಂದು ಚನ್ನವೀರಪ್ಪನವರು ಮೇಜಿನ ಮೇಲಿದ್ದ ಬಟ್ಟೆಯನ್ನು ಸರಕ್ಕನೆ ಎಳೆದರು. ಕೆಳಗಿದ್ದದ್ದು ಹಳೆಯ ರೇಡಿಯೋ, ಅದರ ನೆತ್ತಿಗೊಂದು ಕುಕ್ಕರ್ ಮುಚ್ಚಳ.

"ಅಯ್ಯ, ನನ್ನ ಕುಕ್ಕರ್!" ಎಂದಳು ಹೆಂಡತಿ ಶಾಂಭವಿ.

ಅವಳಿಗೆ ಬೇರೆಯದೇ ಚಿಂತೆ. ಮರುದಿನ ಧಾರವಾಡದಲ್ಲಿ ಮಹಿಳಾ ಉದ್ಯಮಿಗಳ ಮೇಳ. ಅವಳ ಶೇಂಗಾ ಹೋಳಿಗೆಗೆ ಮೊದಲ ಸಲ ಮಳಿಗೆ ಸಿಕ್ಕಿತ್ತು. ಫೋನಿನಲ್ಲಿ ಆರ್ಡರ್ ಕೊಡುವ ಲಿಂಕೋ, ಗೂಡ್ಸ್ ರೈಲಿನಷ್ಟು ಉದ್ದ! ಅದನ್ನು ಗಿಡ್ಡ ಮಾಡಿ, ಕೊನೆಗೆ ನೆನಪಿಡುವಂಥ ಹೆಸರಿನ ಬಾಲ ಅಂಟಿಸಬೇಕಿತ್ತು.

"'ಶಾಂಭವಿ-ಹೋಳಿಗೆ' ಅಂತ ಇಟ್ರ ಸಾಕಲ್ರೀ?"

"ಭಾಳ ಸಪ್ಪಗಾತು! ಲಿಂಕಿನ ಬಾಲ ಅಂದ್ರ ಒಮ್ಮೆ ಕೇಳಿದ್ರ ಸಾಯೂತನಕ ಮರೀಬಾರ್ದು. ಮಿದುಳಿಗೆ ಯಾವ ಸದ್ದು ಅಂಟ್ತೈತಿ ಅಂತ ಈ ಯಂತ್ರಕ್ಕ ಗೊತ್ತೈತಿ!"

ಗುಂಡಿ ಒತ್ತಿದರು. ಕುಕ್ಕರ್ ಸೀಟಿ ಹೊಡೆಯಿತು. ರೇಡಿಯೋ ಗಂಟಲು ಸರಿಮಾಡಿಕೊಂಡು ಕೂಗಿತು: "ತುಪ್ಪ-ಟಪ್ಪ-ಗಪ್ಪ!"

ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದಿದ್ದ ಪಕ್ಕದ ಮನೆಯ ಸರೋಜಕ್ಕ ಹೊಸ್ತಿಲಲ್ಲೇ ನಿಂತರು. "ನಾ ಯಾತಕ್ಕ ಬಂದಿದ್ನಿ? ತುಪ್ಪ-ಟಪ್ಪ-ಗಪ್ಪ!" ಎನ್ನುತ್ತ ಖಾಲಿ ಬಟ್ಟಲಿನೊಂದಿಗೇ ತಿರುಗಿ ಹೋದರು.

"ರೀ, ಆಕಿಗೇನೋ ಆಗೇತ್ರೀ!"

"ಜಾಹೀರಾತು ಆಗೇತಿ! ಬ್ಯಾನರ್ ಬರಸು ನಡಿ!"

ಮೇಳದಲ್ಲಿ ಬ್ಯಾನರ್ ಓದಿದವರೆಲ್ಲ ಗುನುಗತೊಡಗಿದರು. ಉದ್ಘಾಟನೆಗೆ ಬಂದ ನಿವೃತ್ತ ಪ್ರಿನ್ಸಿಪಾಲ್ ಒಡೆಯರ ಸರ್ ಮೈಕಿನ ಮುಂದೆ ನಿಂತು, ಭಾಷಣವೆಲ್ಲ ಮರೆತು, "ತುಪ್ಪ-ಟಪ್ಪ-ಗಪ್ಪ!" ಎಂದು ಕೂತುಬಿಟ್ಟರು. ಇಷ್ಟು ಒಳ್ಳೆಯ ಭಾಷಣ ಅವರದು ಇದೇ ಮೊದಲೆಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು!

ಆರ್ಡರುಗಳೋ, ಸುರಿಮಳೆ! ಶಾಂಭವಿ ಮನೆಗೆ ಓಡಿ ಹೋಳಿಗೆ ಲಟ್ಟಿಸಿದಳು, ಬೇಯಿಸಿದಳು, ಗುಡ್ಡೆ ಹಾಕಿದಳು. ಕೊನೆಗೆ ಕಳಿಸಬೇಕೆಂದು ಫೋನು ತೆರೆದು ಆರ್ಡರುಗಳನ್ನು ಓದಿದಳು. ಹೆಸರು: ತುಪ್ಪ-ಟಪ್ಪ-ಗಪ್ಪ. ವಿಳಾಸ: ತುಪ್ಪ-ಟಪ್ಪ-ಗಪ್ಪ. ಊರಿಗೆ ಊರೇ ಒಂದೇ ಮನೆಯಲ್ಲಿದ್ದಂತೆ!

"ನೋಡ್ರೀ ನಿಮ್ಮ ಬ್ರಹ್ಮನ ಕೆಲಸ! ಬಾಲ ಮಂದಿ ತಲಿಯೊಳಗ ಹೊಕ್ಕು ಇದ್ದಬದ್ದದ್ದನ್ನೆಲ್ಲ ಹೊರಗ ದಬ್ಬೇತಿ! ಇಷ್ಟು ಹೋಳಗಿ ಯಾರಿಗೆ ಕೊಡ್ಲಿ?" ಅವಳ ಕಣ್ಣು ತುಂಬಿತು.

ಅಷ್ಟರಲ್ಲಿ ಒಡೆಯರ ಸರ್ ತಮ್ಮ ಮನೆ ಮರೆತು ಗೇಟಿನ ಮುಂದೆ ಗುನುಗುತ್ತ ಬಂದರು. ಪಾಪ, ಹಸಿದಿರಬೇಕೆಂದು ಶಾಂಭವಿ ಒಂದು ಹೋಳಿಗೆ ಕೊಟ್ಟಳು. ಬಾಯಿ ತುಂಬಿತು, ಗುನುಗು ನಿಂತಿತು. ನುಂಗಿದ್ದೇ ತಡ, "ಅರೆ, ನಮ್ಮ ಮನಿ ಇರೂದು ಸಪ್ತಾಪುರದಾಗ!" ಎಂದು ಕುಣಿದರು.

ತಾನೂ ಗಂಡನೂ ನಿನ್ನೆಯಿಂದ ಹದ ನೋಡುವ ನೆವದಲ್ಲಿ ತಿನ್ನುತ್ತಲೇ ಇದ್ದದ್ದಕ್ಕೆ ಬಚಾವಾದದ್ದೆಂದು ಅವಳಿಗೆ ಆಗ ಹೊಳೆಯಿತು. ಕಣ್ಣೊರೆಸಿಕೊಂಡು ಎದ್ದಳು. "ಆಟೋ ಕರೀರಿ! ಮೈಕ್ ಕಟ್ರಿ!"

ಆಟೋ ಓಣಿ ಓಣಿ ತಿರುಗಿತು. ಚನ್ನವೀರಪ್ಪನವರು ಮೈಕಿನಲ್ಲಿ "ತುಪ್ಪ!" ಎಂದು ಕೂಗಿದರೆ ಸಾಕು, ಮನೆಮನೆಯಿಂದ "ಟಪ್ಪ-ಗಪ್ಪ!" ಎಂದು ಉತ್ತರ, ಹಿಂದೆಯೇ ತಟ್ಟೆ ಹಿಡಿದ ಕೈ! ತಿಂದವರಿಗೆಲ್ಲ ನೆನಪು ಮರಳಿತು. ಸಂಜೆಯೊಳಗೆ ಬುಟ್ಟಿಯೂ ಖಾಲಿ.

ಚನ್ನವೀರಪ್ಪನವರು ಎದೆಯುಬ್ಬಿಸಿದರು. "ನೋಡಿದೇನು? ಲಿಂಕ್ ಎಷ್ಟು ಗಿಡ್ಡಾತಂದ್ರ, ಇಂಟರ್ನೆಟ್ಟೂ ಬ್ಯಾಡಾತು!"

"ಹೌದ್ರೀ," ಎಂದಳು ಶಾಂಭವಿ, "ಇನ್ನೊಂದೀಟು ಗಿಡ್ಡಾದ್ರ ನೀವೂ ಬ್ಯಾಡಾಗ್ತೀರಿ."