ಮೂತಿ ತಗ್ಗಿದ ಕಾರು, ಮಾವಶಿಯ ಒಪ್ಪತ್ತು

ಕಾರಿನ ಮುಂದಿನ ಸ್ಪ್ರಿಂಗ್ ಗಿಡ್ಡ ಮಾಡಿಸಿದರೆ ಕಾರು ನೆಲಕ್ಕೆ ಹತ್ತಿರವಾಗಿ, ತಿರುವುಗಳಲ್ಲಿ ಹಾವಿನಂತೆ ಹೊರಳುತ್ತದೆ. ಇದು ವಿಜ್ಞಾನ. ಮೊಬೈಲಿನಲ್ಲಿ ಒಂದು ವೀಡಿಯೊ ನೋಡಿ ಕಲಿತೆ. ಆ ವೀಡಿಯೊದ ರಸ್ತೆಯಲ್ಲಿ ಸ್ಪೀಡ್ ಬ್ರೇಕರ್ ಇರಲಿಲ್ಲ. ಅದು ಗಮನಕ್ಕೆ ಬರಲಿಲ್ಲ.

ಮಿರಜದ ಮಿಸ್ತ್ರಿ ಎರಡೂ ಸ್ಪ್ರಿಂಗ್‌ಗಳ ಸುರುಳಿ ಕತ್ತರಿಸಿ, "ಆತು ಶೇಟ್, ಬಿಂದಾಸ್ ಹೊಡೀರಿ" ಎಂದ. ಸಾಂಗಲಿ ರಸ್ತೆಯಲ್ಲಿ ಒಬ್ಬನೇ ಹೋಗಿ ಬಂದೆ. ಸ್ಟೇರಿಂಗ್ ಮುಟ್ಟಿದರೆ ಸಾಕು, ಮೂತಿ ತಿರುಗುತ್ತಿತ್ತು!

ಮನೆಯ ಮುಂದೆ ಹೆಂಡತಿ ಸುನಂದಾ ಕಾರನ್ನು ಸುತ್ತಿ ನೋಡಿದಳು.

"ಮುಂದಿನ ಗಾಲಿ ಪಂಚರ್ ಆಗ್ಯಾವೇನ್ರಿ?"

"ಇದಕ್ಕ ಹ್ಯಾಂಡ್ಲಿಂಗ್ ಅಂತಾರ."

"ದಂಡವತ್ ನಮಸ್ಕಾರ ಹಾಕಿದಂಗ ಕಾಣತೈತಿ."

ಮರುದಿನ ಸಂಜೆ ಅವಳ ಮಾವಶಿಯನ್ನು, ಅಂದರೆ ಚಿಕ್ಕಮ್ಮನನ್ನು, ಮ್ಹೈಸಾಳದಲ್ಲಿದ್ದ ಮಗಳ ಮನೆಗೆ ಬಿಡಬೇಕಿತ್ತು. ಮಾವಶಿಗೆ ಅಂದು ಒಪ್ಪತ್ತು, ಇಡೀ ದಿನಕ್ಕೆ ಒಂದೇ ಊಟ. ನಮ್ಮ ಜೈನರ ಮನೆಗಳಲ್ಲಿ ಅದೂ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಆಮೇಲೆ ಒಲೆಯೂ ಇಲ್ಲ, ತಟ್ಟೆಯೂ ಇಲ್ಲ. ಮಗಳು ಅಡಿಗೆ ಮಾಡಿ ಕಾಯುತ್ತಿದ್ದಳು.

"ನಾ ಎಸ್‌ಟಿ ಬಸ್ಸಿಗೆ ಹೋಗ್ತೇನ್ರಿ ಅಳ್ಯಾರ" ಎಂದರು ಮಾವಶಿ.

"ಕುಂದ್ರಿ ಮಾವಶಿ, ಬಿಸಿ ಜೋಳದ ಭಕ್ರಿ ಮುಂದ ಇಳಸ್ತೇನಿ" ಎಂದು ಮುಂದಿನ ಸೀಟಿನಲ್ಲಿ ಕೂರಿಸಿದೆ. ಸುನಂದಾ ಹಿಂದೆ ಕೂತಳು. ವಿಜ್ಞಾನ ಮೂರು ಜನರ ಭಾರವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಊರು ದಾಟಿ ಮೊದಲ ತಿರುವು. ಕಾರು ಗತ್ತಿನಿಂದ ಹೊರಳಿತು. ಆದರೆ ತಿರುವಿನಲ್ಲೊಂದು ತಗ್ಗಿತ್ತು. ಗಿಡ್ಡ ಸ್ಪ್ರಿಂಗಿಗೆ ಕುಗ್ಗಲು ಜಾಗವೇ ಉಳಿದಿರಲಿಲ್ಲ. ಧಡ್ ಎಂದು ತಳ ಮುಟ್ಟಿ ಮುಂಭಾಗ ಪುಟಿಯಿತು, ಸ್ಟೇರಿಂಗ್ ಕೈಯಿಂದ ಕೊಸರಿಕೊಂಡಿತು, ಕಾರು ನೆಟ್ಟಗೆ ಕಬ್ಬಿನ ಹೊಲದತ್ತ ನಡೆಯಿತು. ಬ್ರೇಕ್ ಒತ್ತಿದೆ. ಮೂತಿ ನೆಲಕ್ಕೆ, ಬಾಲ ಮೇಲಕ್ಕೆ.

"ಹಿಂದಿಂದ ಯಾರರ ಎತ್ತಾಕತ್ತಾರೇನ ಸುನಂದಾ?" ಎಂದು ಮಾವಶಿ ಕೇಳಿದರು.

ಕಾರನ್ನು ಮತ್ತೆ ರಸ್ತೆಗೆ ತಂದೆ. ಮುಂದೆ ಸ್ಪೀಡ್ ಬ್ರೇಕರ್‌ಗಳು ಶುರುವಾದವು. ಪ್ರತಿ ಉಬ್ಬಿಗೂ ಕಾರಿನ ಹೊಟ್ಟೆ ತಾಗುತ್ತಿತ್ತು. ಇಬ್ಬರೂ ಇಳಿಯುವುದು, ಕಾರು ದಾಟುವುದು, ಇಬ್ಬರೂ ಹತ್ತುವುದು. ಸುನಂದಾಳ ಪ್ರಕಾರ ಮಾವಶಿ ಎಲ್ಲ ಉಬ್ಬುಗಳಿಗೂ ಇಳಿದರು. ಒಂದಕ್ಕೆ ಇಳಿಯಲಿಲ್ಲ ಎಂದು ನನಗೆ ಸ್ಪಷ್ಟ ನೆನಪು. ಆದರೆ ನನ್ನ ನೆನಪು ನನ್ನದೇ ಪರವಾಗಿ ವಾದಿಸುವ ವಕೀಲ. ನೀವು ಸುನಂದಾಳನ್ನೇ ನಂಬಿ.

ಸೂರ್ಯ ಬಲಗಡೆಯ ಕಬ್ಬಿನ ತುದಿಗೆ ಬಂದಿದ್ದ. ಹಿಂದಿನಿಂದ ಖಾಲಿ ಟ್ರಾಲಿಯ ಟ್ರ್ಯಾಕ್ಟರ್ ಬಂತು. ಚಾಲಕ ಮ್ಹೈಸಾಳದವನೇ, ಮಾವಶಿಯ ಗುರುತಿನವ.

"ಕಾಯ ಝಾಲಂ ಆಜಿ?" ಏನಾಯಿತೆಂದು ಮರಾಠಿಯಲ್ಲಿ ಕೇಳಿದ.

"ಗಾಡಿ ಬಸಕಿ ಹೊಡ್ಯಾಕತ್ತೈತಿ. ನನ್ನ ಹತ್ತಿಸ್ಕೋಪಾ, ಹೊತ್ತು ಮುಳಗತೈತಿ."

ಮಾವಶಿ ಹತ್ತಿದರು. ಸುನಂದಾಳೂ ಹತ್ತಿದಳು.

"ನೀ ಯಾಕ?" ಎಂದೆ.

"ಭಾರ ಕಮ್ಮಿ ಆದ್ರ ನಿಮ್ಮ ಹ್ಯಾಂಡ್ಲಿಂಗ್‌ಗೆ ಚಲೋ."

ಚಲೋ ಆಗಲಿಲ್ಲ. ಟ್ರಾಲಿ ಉಬ್ಬುಗಳ ಮೇಲೆ ಕುಣಿಯುತ್ತ ಕಣ್ಮರೆಯಾಯಿತು. ನಾನು ಒಂದೊಂದು ಉಬ್ಬನ್ನೂ ಓರೆಯಾಗಿ, ಇಂಚಿಂಚಾಗಿ, ಕ್ಷಮೆ ಕೇಳುವವನಂತೆ ದಾಟಿದೆ.

ನಾನು ಮ್ಹೈಸಾಳ ಮುಟ್ಟಿದಾಗ ಕತ್ತಲಾಗಿತ್ತು. ಮಾವಶಿ ಹೊತ್ತಿರುವಾಗಲೇ ಉಂಡು, ಕಟ್ಟೆಯ ಮೇಲೆ ಸಮಾಧಾನದಿಂದ ಕೂತಿದ್ದರು. ಮನೆಯವರು ಅಡಿಗೆಮನೆ ತೊಳೆದು ಬಾಗಿಲು ಮುಚ್ಚಿದ್ದರು. ಬದನೆಕಾಯಿಯ ವಾಸನೆ ಮಾತ್ರ ಇನ್ನೂ ಹೊರಗೆ ಸುಳಿದಾಡುತ್ತಿತ್ತು.

"ಹಸಿವು ಆಗೈತೇನ್ರಿ ಅಳ್ಯಾರ?"

"ಛೇ, ಇಲ್ರಿ ಮಾವಶಿ."

ಅವರ ಮಗಳು ಕಾರಿನ ಮೂತಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, ಭಾವನಾದ ನನ್ನನ್ನು ಕೇಳಿದಳು. "ದಾಜಿ, ತಿರುವಿನ್ಯಾಗ ಮಸ್ತ್ ಹೋಗತೈತೇನು?"

"ಮಸ್ತ್" ಎಂದೆ. ರಾತ್ರಿ ಉಪವಾಸ, ಬೆಳಗಿನ ನಾಷ್ಟಾ ಅವಳು ಕೊಟ್ಟರೆ ಉಂಟು; ಹ್ಯಾಂಡ್ಲಿಂಗಿನ ವಿಜ್ಞಾನ ವಿವರಿಸುವ ಧೈರ್ಯವಾಗಲಿಲ್ಲ.